ಹನ್ನೆರಡನೇ ಪುಟದ ದ್ರೋಹಿ

ನಡುರಾತ್ರಿ ಕರಕರ ಸದ್ದು ಕೇಳಿ ವಾಚನಾಲಯದ ಗುಮಾಸ್ತೆಗೆ ಎಚ್ಚರವಾಯಿತು. ಬೈಂಡು ಹಾಕಲು ಮನೆಗೆ ತಂದಿದ್ದ ಹೊಸ ಪುಸ್ತಕಗಳಿಗೆ ಇಲಿ ಬಾಯಿ ಹಾಕಿತೇ? ಬೆಳಿಗ್ಗೆ ನೋಡಿದರೆ ಒಂದರ ಅಂಚೂ ಕಚ್ಚಿರಲಿಲ್ಲ. ನೆಮ್ಮದಿಯಿಂದ ಬೈಂಡು ಹಾಕಿ ಕೊಂಡೊಯ್ದಳು.

ವಾರದ ನಂತರ ವಾಚನಾಲಯದಲ್ಲಿ ದರ್ಜಿ ಆ ಹೊಸ ಪುಸ್ತಕಗಳಲ್ಲೊಂದು ಪತ್ತೇದಾರಿ ಕಾದಂಬರಿ ಹಿಡಿದು ಕಿರುಚಿದ, ಸೂಜಿ ಚುಚ್ಚಿಸಿಕೊಂಡವನಂತೆ.

"ನೋಡಿ ಮೇಡಂ, ಯಾವನೋ ಪೆನ್ಸಿಲ್‌ನಲ್ಲಿ ಗೀಚಿದ್ದಾನೆ! 'ಮೌನಿಯೇ ದ್ರೋಹಿ' ಅಂತೆ!"

ಗುಮಾಸ್ತೆಗೆ ಮೈಯೆಲ್ಲ ಉರಿಯಿತು. ಮೌನಿ ಎಂದರೆ ಆ ಕಾದಂಬರಿ ಮಾಲೆಯ ಬೇಹುಪಡೆಯ ಯಜಮಾನ. ಕುರ್ಚಿ ಬಿಟ್ಟೇಳದೆ ಮೂವತ್ತು ಪುಸ್ತಕಗಳಲ್ಲಿ ದೇಶ ಕಾಪಾಡಿದವನು. ಅವನ ಮೇಲೆ ಇಂಥ ಅಪವಾದವೇ? ಅದೂ ಹನ್ನೆರಡನೇ ಪುಟದಲ್ಲೇ!

ರಿಜಿಸ್ಟರು ತೆಗೆದಳು. ದರ್ಜಿಗಿಂತ ಮೊದಲು ಪುಸ್ತಕ ಒಯ್ದವರು ಒಬ್ಬರೇ, ವಾಚನಾಲಯದ ಅಧ್ಯಕ್ಷರು. ಅವಳ ಕೆಲಸ ಕಾಯಂ ಮಾಡುವ ಕಾಗದಕ್ಕೆ ಅಂದು ಸಂಜೆ ರುಜು ಹಾಕಬೇಕಾದವರೂ ಅವರೇ.

"ಮೌನಿ ಆಗಿದ್ರೆ ಮುಲಾಜು ನೋಡ್ತಿದ್ನಾ?" ದರ್ಜಿ ಉರಿಯುವ ಬೆಂಕಿಗೆ ಎಣ್ಣೆ ಸುರಿದ.

ಸಂಜೆ ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದದ್ದೇ ತಡ, ಅವಳು ಪುಸ್ತಕವನ್ನು ಮುಂದಿಟ್ಟಳು.

"ಇದು ನಿಮ್ಮ ಕೆಲಸಾನಾ ಸಾರ್?"

"ಏನಮ್ಮಾ ಮಾತಾಡ್ತಿದ್ದೀಯ? ಅದನ್ನ ನೋಡಿ ಮುಂದಕ್ಕೆ ಓದಕ್ಕೇ ಮನಸ್ಸು ಬರ್ಲಿಲ್ಲ ನಂಗೆ!"

"ತಪ್ಪು ಮಾಡಿದವರೇ ಮೊದಲು ಕೂಗಾಡೋದು ಅಂತ ಮೌನಿ ಹೇಳ್ತಾನೆ ಸಾರ್."

ಅಧ್ಯಕ್ಷರು ಪೆನ್ನಿಗೆ ಮುಚ್ಚಳ ಹಾಕಿದರು. ಕಾಗದ ಮಡಚಿ ಜೇಬಿಗಿಳಿಸಿದರು. "ಹಾಗಾದ್ರೆ ನಿನ್ನ ಕೆಲಸಾನೂ ಮೌನಿಯೇ ಕಾಯಂ ಮಾಡ್ಲಿ!"

ಅನ್ಯಾಯ ಎದುರಿಸಿದ ಹೆಮ್ಮೆಯಲ್ಲಿ, ಕೆಲಸ ಹೋದೀತೆಂಬ ನಡುಕದಲ್ಲಿ ಅವಳು ಮನೆಗೆ ಬಂದಳು. ಅತ್ತೆ ಅಂದಿನ ಹೊಸ ಪುಸ್ತಕಗಳಿಗಾಗಿ ಕೈಚೀಲ ತಡಕಿದರು.

"ಮೆಂಡರ್ ಎಲ್ಲಿಟ್ಟಿದ್ದೀಯೇ? ಪೆನ್ಸಿಲ್ ಮೊಂಡಾಗಿದೆ."

ಗುಮಾಸ್ತೆಗೆ ಆ ರಾತ್ರಿಯ ಕರಕರ ಮತ್ತೆ ಕೇಳಿಸಿದಂತಾಯಿತು.

"ಅತ್ತೆ... ಮೌನಿ ಪುಸ್ತಕ ಪೂರ್ತಿ ಓದಿದ್ರಾ?"

"ಎಲ್ಲಿ! ಹನ್ನೆರಡನೇ ಪುಟಕ್ಕೇ ಕಣ್ಣು ಎಳೀತು. ಕೂತಲ್ಲೇ ಕೂತು ಊರ ಮೇಲೆಲ್ಲ ದರ್ಬಾರು ಮಾಡೋನು ಸಾಚಾ ಇರ್ತಾನಾ? ಊಹೆ ಸರಿಹೋಗುತ್ತಾ ನೋಡೋಣ ಅಂತ ಬರೆದಿಟ್ಟೆ. ಆಮೇಲೆ ಮರೆತೇ ಹೋಯ್ತು."

ಅವಳು ಕೈಚೀಲದಿಂದ ಆ ಪುಸ್ತಕ ತೆಗೆದು ಕೊನೆಯ ಪುಟ ತೆರೆದಳು. ದ್ರೋಹಿ ಕಾರಿನ ಚಾಲಕ. ಮೌನಿ ಅಪ್ಪಟ ನಿರಪರಾಧಿ, ಅಧ್ಯಕ್ಷರ ಹಾಗೆಯೇ.

"ಯಾಕೆ, ನನ್ನ ಊಹೆ ಸರಿ ಇತ್ತಾ?" ಅತ್ತೆ ಕೇಳಿದರು.

ಅಧ್ಯಕ್ಷರಿಗಾಗಲಿ, ದರ್ಜಿಗಾಗಲಿ, ಅತ್ತೆಗಾಗಲಿ ಇದನ್ನು ಜನ್ಮದಲ್ಲಿ ಹೇಳಬಾರದೆಂದು ನಿರ್ಧರಿಸಿ, ಅವಳು ರಬ್ಬರು ಹುಡುಕತೊಡಗಿದಳು.