ಎರಡು ಕಿಲೋಗೆ ಎರಡು ಪುಟ

ಮೇಸ್ತ್ರಿ: ಗಾಂಜಾ ಅಂತ ನಿನ್ನ ಕೈಯಾರೆ ಬರೆದಿದ್ದೀಯಲ್ಲೋ. ಇನ್ನೇನು ಮಾತಾಡೋದು ಉಳಿದಿದೆ?

ನಾನು: ಪೂರ್ತಿ ಓದಿ ಸಾರ್. ಸೇದಿದೆ ಅಂತ ಬರೆದಿಲ್ಲ. ಅದರಲ್ಲಿರೋದನ್ನೇ ಹೋಲೋ ವಸ್ತುವನ್ನ ದೇಹ ತಾನೇ ತಯಾರಿಸುತ್ತೆ ಅಂತ ಬರೆದಿದ್ದೀನಿ.

ಮೇಸ್ತ್ರಿ: ಅಂದ್ರೆ ಹುಡುಕಿಕೊಂಡು ಹೋಗೋ ಕಷ್ಟವೂ ಇಲ್ಲ.

ನಮ್ಮದು ಎತ್ತರದ ಕಟ್ಟಡಗಳ ಗಾಜು ಒರೆಸುವ ಕೆಲಸ. ಹಗ್ಗದಲ್ಲಿ ಇಳಿಯುವವನ ತೂಕ ನೂರು ಕಿಲೋ ದಾಟಬಾರದು. ಪ್ರತಿ ಸೋಮವಾರ ತೂಕ ನೋಡುತ್ತಾರೆ. ದಾಟಿದವನು ಕಾರಣ ಬರೆದುಕೊಡಬೇಕು. ‘ತಿಂದೆ’ ಎಂದು ಬರೆದಿದ್ದರೆ ಮುಗಿಯುತ್ತಿತ್ತು. ನನಗೋ ಕಂಡದ್ದೆಲ್ಲ ಓದುವ ಚಟ. ಹೆಚ್ಚಿದ ಎರಡು ಕಿಲೋಗೆ ಎರಡು ಪುಟ ಬರೆದೆ. ಹಗ್ಗಕ್ಕೆ ಬಡ್ತಿ ಸಿಕ್ಕಿ ಇನ್ನೂ ತಿಂಗಳು ತುಂಬಿರಲಿಲ್ಲ. ಮತ್ತೆ ಕೆಳಗೆ ನಿಂತು ಬೇರೆಯವರಿಗೆ ನೀರು ತುಂಬಿಕೊಡುವುದೆಂದರೆ ನನಗೆ ಜೀವ ಹೋದ ಹಾಗೆ.

ಮೇಸ್ತ್ರಿ: ಹದಿನೆಂಟನೇ ಮಹಡೀಲಿ ಅಮಲೇರಿಸಿಕೊಂಡು ನೇತಾಡ್ತಿದ್ದೆ ಅನ್ನು.

ನಾನು: ಅಮಲಲ್ಲ ಸಾರ್, ಹಸಿವು. ಕರಿದದ್ದು ಕಣ್ಣಿಗೆ ಬಿದ್ರೆ ಸಾಕು, ಆ ವಸ್ತು ಮೆದುಳಿಗೆ ‘ಇನ್ನೊಂದು ತಿನ್ನು’ ಅನ್ನುತ್ತೆ. ನಾನು ಬೇಡ ಅಂತೀನಿ. ಕೇಳಲ್ಲ.

ಮೇಸ್ತ್ರಿ: ಬೇಡ ಅನ್ನೋವಾಗ ಬಾಯಲ್ಲಿ ಏನಿರುತ್ತೆ?

ತುಟಿಗಂಟಿದ್ದ ಬೋಂಡದ ಚೂರನ್ನು ಒರೆಸಿಕೊಂಡೆ.

ಮೇಸ್ತ್ರಿ ಪಕ್ಕದ ಚಿಕಿತ್ಸಾ ಕೊಠಡಿಯಿಂದ ನರ್ಸಮ್ಮನನ್ನು ಕರೆಸಿದರು. ಆಕೆ ಎರಡೂ ಪುಟ ಓದಿ ಕನ್ನಡಕ ತೆಗೆದರು.

ನರ್ಸಮ್ಮ: ಬರೆದಿರೋದು ನಿಜಾನೇ. ಇದಕ್ಕೆ ಎಂಡೋಕ್ಯಾನಬಿನಾಯ್ಡ್ ವ್ಯವಸ್ಥೆ ಅಂತಾರೆ. ಹಸಿವು ಕೆರಳಿಸುತ್ತೆ, ಕೊಬ್ಬು ಕೂಡಿಡೋಕೂ ಕೈ ಜೋಡಿಸುತ್ತೆ. ದಪ್ಪಗಿರೋರಲ್ಲಿ ಇದರ ಆಟ ಜಾಸ್ತಿ.

ಮೇಸ್ತ್ರಿ: ಹಾಗಾದ್ರೆ ಅದನ್ನ ಅಡಗಿಸೋ ಮಾತ್ರೆ ಕೊಟ್ಟುಬಿಡಿ.

ನರ್ಸಮ್ಮ: ಒಂದು ಬಂದಿತ್ತು. ಹಸಿವೇನೋ ಇಳೀತು. ಜೊತೆಗೆ ಕೆಲವರಿಗೆ ಬದುಕೇ ಬೇಡ ಅನ್ನೋಷ್ಟು ಬೇಸರ ಹಿಡೀತು. ವಾಪಸ್ ತಗೊಂಡ್ರು.

ನಾನು: ಬೇಸರಕ್ಕೆ ಮಾತ್ರೆ ಯಾಕೆ ನರ್ಸಮ್ಮ, ಸೋಮವಾರ ಇದೆಯಲ್ಲ.

ಮೇಸ್ತ್ರಿ: ನೀನು ಸುಮ್ನಿರು. ನರ್ಸಮ್ಮ, ಈ ಕಾರ್ಖಾನೆ ಇವನೊಬ್ಬನ ಮೈಯಲ್ಲಿ ಮಾತ್ರಾನಾ?

ನರ್ಸಮ್ಮ: ಎಲ್ಲರ ಮೈಯಲ್ಲೂ ಇರುತ್ತೆ. ನಿಮ್ಮಲ್ಲಂತೂ ಮೂರು ಪಾಳಿ ನಡೀತಿರೋ ಹಾಗಿದೆ.

ಆಕೆಯ ಕಣ್ಣು ಮೇಜಿನ ಅಂಚಿಗೆ ಒರಗಿದ್ದ ಮೇಸ್ತ್ರಿಯ ಹೊಟ್ಟೆಯ ಮೇಲಿತ್ತು. ಈಗ ಇಬ್ಬರಿಗೂ ಗ್ರಹಚಾರ ಎಂದುಕೊಂಡೆ. ನೋಡಿದರೆ ಮೇಸ್ತ್ರಿಯ ಮುಖ ಅರಳಿತ್ತು.

ಮೇಸ್ತ್ರಿ: ಅಂದ್ರೆ ಇದು ನನ್ನ ತಪ್ಪಲ್ಲ. ಇಪ್ಪತ್ತು ವರ್ಷದಿಂದ ಮನೆಯವಳ ಹತ್ರ ಬೈಸಿಕೊಳ್ತಿದ್ದೀನಿ. ಲೇ, ಇದನ್ನೇ ಇನ್ನೊಂದು ಪ್ರತಿ ಬರೆದುಕೊಡು. ಅಕ್ಷರ ದುಂಡಗಿರಲಿ, ಅವಳು ಓದಬೇಕು. ಗಾಂಜಾ ಇರೋ ಸಾಲು ಮಾತ್ರ ಬಿಟ್ಟುಬಿಡು.

ಬರೆದುಕೊಟ್ಟೆ. ಗೆದ್ದ ಉತ್ಸಾಹದಲ್ಲಿ, ಹಗ್ಗಕ್ಕೆ ಬಿಗಿಯುವ ನಡುಪಟ್ಟಿಯನ್ನು ಉಸಿರು ಬಿಗಿಹಿಡಿದು ಸಿಕ್ಕಿಸಿಕೊಂಡು ಬಾಗಿಲ ಕಡೆ ಹೊರಟೆ.

ಮೇಸ್ತ್ರಿ: ಎಲ್ಲಿಗೆ ಸವಾರಿ?

ನಾನು: ಮೇಲಕ್ಕೆ ಸಾರ್. ತಪ್ಪು ನಮ್ಮದಲ್ಲ ಅಂತ ಈಗ ತಾನೇ ಒಪ್ಪಿದ್ರಲ್ಲ.

ಮೇಸ್ತ್ರಿ ಹೊಸ ಪ್ರತಿಯ ಎರಡೂ ಪುಟಗಳನ್ನು ಜೋಪಾನವಾಗಿ ಮಡಿಸಿ ಜೇಬಿಗಿಟ್ಟುಕೊಂಡರು.

ಮೇಸ್ತ್ರಿ: ನಾನು ಒಪ್ಪಿದೆ ಕಣಯ್ಯ. ಹಗ್ಗಕ್ಕೆ ಓದೋಕೆ ಬರಲ್ಲ. ಹೋಗಿ ನೀರು ತುಂಬು.