ಮೂರೂವರೆ ಮಹಡಿಯ ಪರ್ವತಾರೋಹಣ

"ಈ ವರ್ಷ ಆ ಪರ್ವತ ಇರಬೇಕು, ಇಲ್ಲಾ ನಾನಿರಬೇಕು!" ಎಂದು ನಮ್ಮ ಲಿಫ್ಟ್ ಮೆಕ್ಯಾನಿಕ್ ಊಟದ ಮೇಜು ಗುದ್ದಿ ಘೋಷಿಸಿದ. ಮೇಜಿನ ಮೇಲಿದ್ದ ಲೋಟ ಉರುಳಿ ನೀರೆಲ್ಲ ಚೆಲ್ಲಿತು. ಹೆಂಡತಿ ಒರೆಸುವ ಬಟ್ಟೆಯನ್ನು ಅವನ ಕೈಗೇ ಕೊಟ್ಟು, "ಪರ್ವತ ಎಲ್ಲೂ ಓಡಿಹೋಗಲ್ಲ ರೀ, ಮೊದಲು ಇದನ್ನ ಒರೆಸಿ" ಎಂದಳು. ಮಹಾಸಂಕಲ್ಪಗಳಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಅಷ್ಟೇ.

ಸಂಕಲ್ಪಕ್ಕೆ ಹದಿನೆಂಟು ವರ್ಷ ವಯಸ್ಸಾಗಿತ್ತು. ಅವನ ಗೆಳೆಯ ಭೂಗೋಳದ ಮೇಷ್ಟ್ರು ಒಂದು ದಿನ ಎಲ್ಲಿಂದಲೋ ಒಂದು ಫೋಟೋ ತಂದು ತೋರಿಸಿದ್ದರು. ಮುಂದೆ ಕಣ್ಣು ಹಾಯುವಷ್ಟು ದೂರ ಮರಳುಗಾಡು, ಅದರ ಬೆನ್ನಿಗೇ ಬೆಳ್ಳಗೆ ಹಿಮ ಹೊದ್ದು ನಿಂತ ಶಿಖರ! ಮರಳಿನಲ್ಲಿ ಹೊರಟು, ಕಾಲ್ನಡಿಗೆಯಲ್ಲಿ ಶಿಖರ ಮುಟ್ಟಿ, ಅಲ್ಲಿಂದ ಸ್ಕೀ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತಾ ಇಳಿಯಬೇಕೆಂದು ಮೂವರು ಗೆಳೆಯರೂ ಅವತ್ತೇ ಕೈಮೇಲೆ ಕೈಯಿಟ್ಟು ಮಾತು ಕೊಟ್ಟುಕೊಂಡರು. ಮೂರನೆಯವರು ಹಲ್ಲಿನ ಡಾಕ್ಟರು. ಫ್ರಿಜ್ಜಿನ ಮೇಲಿನ ಖಾನೆ ಬಿಟ್ಟು ಬೇರೆಲ್ಲೂ ಹಿಮ ಕಂಡವರು ಆ ಮೂವರಲ್ಲಿ ಒಬ್ಬರೂ ಇರಲಿಲ್ಲ.

ನಗಬೇಡಿ. ಆ ಫೋಟೋ ನೋಡಿದ ದಿನದಿಂದ ಮೆಕ್ಯಾನಿಕ್‌ಗೆ ಸರಿಯಾಗಿ ನಿದ್ದೆ ಹತ್ತಿಲ್ಲ. ದಿನಕ್ಕೆ ನೂರು ಸಲ ಮೇಲೆ ಕೆಳಗೆ ಓಡಾಡುವ ಮನುಷ್ಯ ಅವನು; ಆದರೆ ನೋಡುವುದು ಮಾತ್ರ ಕತ್ತಲ ಬಾವಿಯಂಥ ನಾಲ್ಕು ಗೋಡೆ ಮತ್ತು ಗ್ರೀಸು. ಅವನು ಪರ್ವತವನ್ನೂ ಲಿಫ್ಟಿನ ಲೆಕ್ಕದಲ್ಲೇ ಅಳೆದ. ಮಹಡಿಗೆ ಮೂರು ಮೀಟರ್ ಹಿಡಿದರೂ ಮರಳಿನಿಂದ ಶಿಖರಕ್ಕೆ ಸಾವಿರದ ನಾನೂರು ಮಹಡಿ! ಅವನು ಲಿಫ್ಟ್ ರಿಪೇರಿ ಮಾಡಿದ ಅತಿ ಎತ್ತರದ ಕಟ್ಟಡಕ್ಕೆ ಇಪ್ಪತ್ತೆರಡಿದ್ದವು. ಹಗ್ಗವಿಲ್ಲದೆ, ಮೋಟಾರಿಲ್ಲದೆ, ಯಾರೂ ಗುಂಡಿ ಒತ್ತದೆ ನೆಲ ತಾನೇ ಎದ್ದು ಆಕಾಶಕ್ಕೆ ಹೋಗಿ ನಿಂತಿದೆಯಲ್ಲ ಎಂದು ನೆನೆದರೆ ಸಾಕು, ಅವನ ಮೈ ಜುಮ್ಮೆನ್ನುತ್ತಿತ್ತು. ಕೆಲವೊಮ್ಮೆ ಕಣ್ಣೂ ತುಂಬುತ್ತಿತ್ತು.

ಹೆಂಡತಿಯ ಕಣ್ಣು ಅಷ್ಟು ಸುಲಭಕ್ಕೆ ತುಂಬುವಂಥದಲ್ಲ. ಆಕೆ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸು.

"ನಮ್ಮ ವಾರ್ಡಲ್ಲಿ ಈಗ ಹನ್ನೊಂದು ಜನ ಇದಾರೆ. ಒಬ್ಬರೂ ಪರ್ವತದಿಂದ ಬಿದ್ದೋರಲ್ಲ. ಇಬ್ಬರು ಮಂಚದಿಂದ ಬಿದ್ದೋರು, ಮಿಕ್ಕೋರೆಲ್ಲ ಬಾತ್‌ರೂಮಲ್ಲಿ ಜಾರಿದೋರು. ನೀವು ಮೂರು ಜನ ಸೇರಿದ್ರೆ ಹದಿನಾಲ್ಕಾಗುತ್ತೆ, ನನಗೆ ಮಂಚ ಸಾಲಲ್ಲ."

"ನಿನಗೆ ಅದರ ಎತ್ತರ ಗೊತ್ತಿಲ್ಲ ಕಣೇ!"

"ದೂರದ ಬೆಟ್ಟ ನುಣ್ಣಗೆ. ಒಂದು ಪರೀಕ್ಷೆ ಇಡ್ತೀನಿ. ಭಾನುವಾರ ಬೆಳಗ್ಗೆ ಸಾಮಾನೆಲ್ಲ ಹೊತ್ಕೊಂಡು ಕೆಳಗಿನ ಗೇಟಿಂದ ತಾರಸಿ ತನಕ ಮೆಟ್ಟಿಲು ಹತ್ತಿ ಬನ್ನಿ. ಏಳೇ ಮಹಡಿ. ನಾನು ತಾರಸೀಲೇ ಕಾಯ್ತಿರ್ತೀನಿ. ಬಂದ್ರೆ ನಗ್ತಾ ಕಳಿಸಿಕೊಡ್ತೀನಿ. ಬರದಿದ್ರೆ ಆ ಫೋಟೋ ಗೋಡೆಯಿಂದ ಇಳೀಬೇಕು, ಆ ಮಾತು ಈ ಮನೇಲಿ ಇನ್ನೆತ್ತಬಾರದು."

ಸಾವಿರದ ನಾನೂರರ ಮುಂದೆ ಏಳು! ಮೆಕ್ಯಾನಿಕ್ ಗಹಗಹಿಸಿ ನಕ್ಕ. ಆಮೇಲೆ ಒಬ್ಬನೇ ಕೂತಾಗ ನಗು ನಿಂತಿತು. ಆರನೇ ಮಹಡಿಯ ಈ ಮನೆಗೆ ಬಂದು ಒಂಬತ್ತು ವರ್ಷವಾಗಿದ್ದರೂ ಅವನು ಒಮ್ಮೆಯೂ ಮೆಟ್ಟಿಲು ಹತ್ತಿದವನಲ್ಲ. ಲಿಫ್ಟಿನವನೇ ಮೆಟ್ಟಿಲು ಹತ್ತಿದರೆ ವೃತ್ತಿಗೆ ಅವಮಾನ ಎಂಬುದು ಅವನ ವಾದ. ಲಿಫ್ಟು ಕಣ್ಣೆದುರಿಗಿದ್ದರೆ ಮನಸ್ಸು ಜಾರುತ್ತದೆ ಎಂದು ಅವನಿಗೇ ಅನುಮಾನ ಬಂತು. ಆದ್ದರಿಂದ ಭಾನುವಾರ ಬೆಳಗ್ಗೆ ಆರೂವರೆಗೇ ತಾರಸಿಯ ಮೋಟಾರ್ ಕೋಣೆಗೆ ಹೋಗಿ ಕರೆಂಟು ತೆಗೆದು, ಬೀಗ ಜಡಿದು, ಕೀಲಿಕೈ ಜೇಬಿಗಿಳಿಸಿದ. ಕೆಳಗೆ ಬಂದು 'ದುರಸ್ತಿಯಲ್ಲಿದೆ' ಎಂಬ ಬೋರ್ಡು ನೇತುಹಾಕಿದ. ರಜಾದಿನದ ಬೆಳಗ್ಗೆ ಲಿಫ್ಟು ಯಾರಿಗೆ ಬೇಕು?

ಇದಕ್ಕಿಂತ ದೊಡ್ಡ ಕಿತಾಪತಿಯನ್ನು ಅವನು ಹಿಂದಿನ ದಿನವೇ ಮಾಡಿಟ್ಟಿದ್ದ. ಸ್ಕೀ ಹಲಗೆಗೆ ಬೂಟನ್ನು ಹಿಡಿದಿಡುವ ಒಂದು ಕೊಂಡಿ ಇರುತ್ತದೆ. ಬಿದ್ದಾಗ ಕಾಲು ಮುರಿಯದಿರಲೆಂದು ಅದು ತಾನಾಗಿ ಬಿಟ್ಟುಕೊಳ್ಳುವ ಏರ್ಪಾಟು. ಹಳೇ ಸಾಮಾನಿನ ಅಂಗಡಿಯವನು ಹೀಗೆಂದು ಹೇಳಿದ್ದೇ ತಡ, ನಮ್ಮವನ ಅಭಿಮಾನ ಕೆರಳಿತು. "ಬಿಟ್ಟುಕೊಳ್ಳೋದಾ? ನಾನು ಬಿಗಿದಿದ್ದು ಇವತ್ತಿನವರೆಗೆ ಯಾವುದೂ ಬಿಟ್ಟುಕೊಂಡಿಲ್ಲ!" ಎಂದವನೇ ಮನೆಗೆ ತಂದು, ಸ್ಕ್ರೂಗಳ ತಲೆ ಸವೆಯುವ ತನಕ ತಿರುಪಿದ.

ಏಳು ಗಂಟೆಗೆ ಯಾತ್ರೆ ಹೊರಟಿತು. ಬೆನ್ನ ಮೇಲೆ ಟೆಂಟು, ಹೆಗಲ ಮೇಲೆ ಆಳುದ್ದದ ಹಲಗೆ, ಕಾಲಿಗೆ ಕಲ್ಲಿನಂಥ ಪ್ಲಾಸ್ಟಿಕ್ ಬೂಟು. ಮೊದಲ ಮಹಡಿಯಲ್ಲಿ ಮೂವರೂ ಹಾಡು ಹೇಳಿದರು. ಎರಡನೆಯದರಲ್ಲಿ ಮಾತು ಮಾತ್ರ ಆಡಿದರು. ಮೂರನೆಯದು ದಾಟುವಾಗ ಉಸಿರು ಬಿಟ್ಟರೆ ಬೇರೇನೂ ಹೊರಡಲಿಲ್ಲ. ಮೂರಕ್ಕೂ ನಾಲ್ಕಕ್ಕೂ ನಡುವೆ ಮೆಟ್ಟಿಲು ತಿರುಗುವ ಕಟ್ಟೆಯ ಮೇಲೆ ಮೆಕ್ಯಾನಿಕ್ ನಿಂತುಬಿಟ್ಟ. ಸುಸ್ತಾಗಿದೆ ಎನ್ನಲು ಬಾಯಿ ಬರಲಿಲ್ಲ.

"ಇಲ್ಲಿ... ಸ್ವಲ್ಪ... ತಿರುಗೋದು... ಅಭ್ಯಾಸ ಮಾಡೋಣ" ಎಂದ.

ಹಲಗೆಗಳನ್ನು ನೆಲಕ್ಕಿಟ್ಟು ಬೂಟು ಊರಿದ. ಟಕ್ ಟಕ್ ಎಂದು ಕೊಂಡಿ ಕಚ್ಚಿತು. ಸ್ಕೀ ಕಲಿಸುವ ಪುಸ್ತಕದಲ್ಲಿ ಓದಿದ್ದಂತೆ ಬಲಗಾಲಿನ ಹಲಗೆಯನ್ನು ಎತ್ತಿ ಹಿಂದುಮುಂದಾಗಿ ತಿರುಗಿಸಿದ. ಅದರ ಬಾಗಿದ ಮೂತಿ ಮೆಟ್ಟಿಲಿನ ಕಟಕಟೆಯ ಕಂಬಿಗಳ ನಡುವೆ ಸಲೀಸಾಗಿ ತೂರಿ ಆಚೆ ಹೋಯಿತು. ವಾಪಸ್ಸು ಬರಲಿಲ್ಲ! ಎಡಗಾಲಿನ ಹಲಗೆ ಎದುರು ಗೋಡೆಗೆ ಹೋಗಿ ಅಡ್ಡ ಕೂತಿತು. ಒಂದು ಪಾದ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ, ನಡುವೆ ಕಂಗಾಲಾದ ಮೆಕ್ಯಾನಿಕ್.

ಗೆಳೆಯರು ಟೊಂಕಕಟ್ಟಿ ನಿಂತರು. ಡಾಕ್ಟರು ಮಂಡಿಯೂರಿ, ಜೇಬಿನ ಟಾರ್ಚು ಹಾಕಿ, "ಗಾಬರಿ ಬೇಡ, ಸ್ವಲ್ಪ ಎಳೆದಂಗಾಗುತ್ತೆ ಅಷ್ಟೇ" ಎಂದು ರೋಗಿಗಳಿಗೆ ಹೇಳುವ ಮಾತನ್ನೇ ಹೇಳಿ ಎಳೆದರು. ಅಲ್ಲಾಡಿದ್ದು ಹಲಗೆಯಲ್ಲ, ಸೊಂಟ. ಮೇಷ್ಟ್ರು ದಿಕ್ಸೂಚಿ ತೆಗೆದು, "ಬಲಗಾಲು ಈಶಾನ್ಯಕ್ಕಿದೆ ಕಣೋ, ಉತ್ತರಕ್ಕೆ ಮೂವತ್ತು ಡಿಗ್ರಿ ತಿರುಗಿಸು" ಎಂದು ಮಾರ್ಗದರ್ಶನ ಮಾಡಿದರು. ಮೆಕ್ಯಾನಿಕ್ ಸ್ಕ್ರೂಡ್ರೈವರಿನಿಂದ ಬಗ್ಗಿ ಬಗ್ಗಿ ಸ್ಕ್ರೂ ತಿರುಪಿದ. ತಲೆಯೇ ಇಲ್ಲದ ಸ್ಕ್ರೂ ಎಲ್ಲಿ ತಿರುಗೀತು? ಮಾಡಿದ್ದುಣ್ಣೋ ಮಹರಾಯ!

ಅಷ್ಟರಲ್ಲಿ ಮೇಲಿಂದ, ಕೆಳಗಿಂದ ಕೂಗು ಶುರುವಾಯಿತು. "ಯಾರ್ರೀ ಲಿಫ್ಟ್ ನಿಲ್ಲಿಸಿದ್ದು?" "ಆ ಮೆಕ್ಯಾನಿಕ್‌ಗೆ ಫೋನ್ ಮಾಡ್ರೀ!" ಮರುಕ್ಷಣವೇ ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಐದನೇ ಮಹಡಿಯ ರಿಟೈರ್ಡ್ ಪೋಸ್ಟ್‌ಮಾಸ್ಟರು. ಅಭ್ಯಾಸಬಲದಿಂದ ನಮ್ಮವನು, "ದಾರೀಲಿದೀನಿ ಸಾರ್!" ಎಂದುಬಿಟ್ಟ. ಅವನ ವೃತ್ತಿಜೀವನದಲ್ಲಿ ಆ ಮಾತು ನಿಜವಾಗಿದ್ದು ಅದೇ ಮೊದಲು.

ಮುಕ್ಕಾಲು ಗಂಟೆ ಕಳೆಯಿತು. ಕೆಳಗಿನಿಂದ ಚಪ್ಪಲಿಯ ಸದ್ದು ಕೇಳಿತು. ನಿಧಾನ, ಒಂದೇ ಸಮ. ತಿರುವಿನಲ್ಲಿ ಕೈಚೀಲ, ಅದರ ಹಿಂದೆ ಕೊಡೆ, ಅದರ ಹಿಂದೆ ಅತ್ತೆ! ಪ್ರತಿ ಭಾನುವಾರ ಮಗಳ ಮನೆಗೆ ಬರುವ ಎಪ್ಪತ್ತೆರಡರ ಅತ್ತೆ. ಮಂಡಿನೋವಿನಿಂದಾಗಿ ಒಂದನೇ ಮಹಡಿಗೂ ಲಿಫ್ಟೇ ಬೇಕೆನ್ನುವ ಅತ್ತೆ.

"ಇದೇನು ಅಳಿಯಂದ್ರೆ, ಇಲ್ಲಿ ನಿಂತಿದೀರಿ?"

"ಪರ್ವತಾರೋಹಣ ಅತ್ತೆ... ನೀವು ಹೇಗೆ ಹತ್ತಿದ್ರಿ? ಮಂಡಿ?"

"ಲಿಫ್ಟ್ ಕೆಟ್ಟಿತ್ತಲ್ಲ. ಸುಮ್ಮನೆ ಕೂತು ಕೂತು ಬೇಜಾರಾಯ್ತು, ಒಂದು ಮಹಡಿ ನೋಡೋಣ ಅಂದ್ಕೊಂಡೆ. ಆಮೇಲೆ ಇನ್ನೊಂದು. ಸ್ವಲ್ಪ ತಲೆ ಬಗ್ಗಿಸಿ."

ಅವನು ಬಗ್ಗಿಸಿದ. ಆಕೆ ಅವನ ನೆತ್ತಿಯ ಮೇಲೆ ಅಂಗೈ ಊರಿ, ಒಂದು ಹಲಗೆ ದಾಟಿ, ಅವನ ಹೆಗಲು ಹಿಡಿದು ಇನ್ನೊಂದನ್ನೂ ದಾಟಿ, ಕೊಡೆ ಊರಿಕೊಂಡು ಮೇಲೆ ನಡೆದರು. ಮೆಕ್ಯಾನಿಕ್ ಕತ್ತೆತ್ತಿ ನೋಡಿದ. ಆತುರವಿಲ್ಲ, ಆರ್ಭಟವಿಲ್ಲ, ಒಂದು ಮೆಟ್ಟಿಲು, ಮತ್ತೊಂದು ಮೆಟ್ಟಿಲು. ನಾಲ್ಕು ದಾಟಿದರು, ಐದು ದಾಟಿದರು, ಹೆಜ್ಜೆಯ ಸದ್ದು ಮೇಲೆ ಮೇಲೆ ಹೋಗಿ ಸಣ್ಣದಾಯಿತು. ಅಷ್ಟು ದೊಡ್ಡದೊಂದನ್ನು ಇಷ್ಟು ಹತ್ತಿರದಿಂದ ಅವನು ಎಂದೂ ನೋಡಿರಲಿಲ್ಲ. ಮೂವರೂ ಗಂಡಸರು ಬಾಯಿ ತೆರೆದುಕೊಂಡೇ ನಿಂತಿದ್ದರು.

ಐದು ನಿಮಿಷ ಬಿಟ್ಟು ಹೆಂಡತಿ ಇಳಿದುಬಂದಳು. ತಾರಸಿಗೆ ಹೋದ ಅಮ್ಮ ಸುದ್ದಿ ಮುಟ್ಟಿಸಿದ್ದರು. ಆಕೆ ವಾರ್ಡಿನಲ್ಲಿ ನೋಡುವ ಹಾಗೆ ಮೇಲಿನಿಂದ ಕೆಳಗಿನ ತನಕ ಗಂಡನನ್ನು ನೋಡಿದಳು.

"ಏನೇನು ಮಾಡಿದ್ರಿ?"

"ಹಲಗೆ ಎಳೆದ್ವಿ, ಸ್ಕ್ರೂ ತಿರುಪಿದ್ವಿ, ಕಂಬಿ ಬಗ್ಗಿಸೋಕೆ ನೋಡಿದ್ವಿ."

"ಬೂಟು ಬಿಚ್ಚಿದ್ರಾ?"

ಮೂವರೂ ಬೂಟಿನ ಕಡೆ ನೋಡಿದರು. ಆಕೆ ಬಗ್ಗಿ ಎರಡೂ ಬೂಟಿನ ಬಕಲ್ಲುಗಳನ್ನು ಪಟಪಟನೆ ಬಿಚ್ಚಿದಳು. ಮೆಕ್ಯಾನಿಕ್ ಕಾಲು ಹೊರಗೆಳೆದುಕೊಂಡು ಕಾಲುಚೀಲದಲ್ಲಿ ನಿಂತ.

ಉಳಿದ ಮಹಡಿಗಳನ್ನು ಅವನು ಕಾಲುಚೀಲದಲ್ಲೇ ಹತ್ತಿದ. ಹಲಗೆಯಿಲ್ಲ, ಬೂಟಿಲ್ಲ; ಪರೀಕ್ಷೆಯಲ್ಲಿ ತಾನು ಫೇಲಾದದ್ದು ಅವನಿಗೆ ಗೊತ್ತಿತ್ತು. ಮೋಟಾರ್ ಕೋಣೆಯ ಬೀಗ ತೆಗೆದು ಲಿಫ್ಟಿಗೆ ಜೀವ ಕೊಟ್ಟು, ತಾರಸಿಯ ಅಂಚಿಗೆ ಬಂದ. ಅತ್ತೆ ಕಟ್ಟೆ ಹಿಡಿದು ಕೆಳಗೆ ನೋಡುತ್ತಿದ್ದರು. ಬೆಳಗಿನ ಬಿಸಿಲು ಸಾವಿರ ಸೂರುಗಳ ಮೇಲೆ ಬಿದ್ದಿತ್ತು.

"ಇಷ್ಟು ದೊಡ್ಡದಾ ಈ ಊರು! ನನಗೆ ಗೊತ್ತೇ ಇರ್ಲಿಲ್ಲ ನೋಡಿ" ಎಂದರು. ಆಮೇಲೆ ಅವನತ್ತ ತಿರುಗಿ ಕೇಳಿದರು: "ಆ ನಿಮ್ಮ ಪರ್ವತದಿಂದ ಏನು ಕಾಣುತ್ತೆ?"

ಹದಿನೆಂಟು ವರ್ಷದಲ್ಲಿ ಹಾಗೆ ಕೇಳಿದವರು ಯಾರೂ ಇರಲಿಲ್ಲ. "ಗೊತ್ತಿಲ್ಲ ಅತ್ತೆ" ಎಂದ ಅವನು. "ಸಂಜೆ ಹೊತ್ತಿಗೆ ಅದರ ನೆರಳು ಮರಳಿನ ಮೇಲೆ ಹಾಸ್ಕೊಂಡು ಆಕಾಶದ ಅಂಚಿನ ತನಕ ಹೋಗುತ್ತಂತೆ. ಆ ನೆರಳಿನ ತುದೀಲಿ ನಾನೂ ಒಂದು ಚುಕ್ಕೆ ಆಗಿರ್ತೀನಲ್ಲ, ಅದನ್ನ ಒಂದ್ಸಲ ನೋಡ್ಬೇಕು." ಹೆಂಡತಿ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು.

"ಸರಿ, ಹೋಗಿ ಬನ್ನಿ" ಎಂದಳು.

ಅವನು ತನ್ನ ಕಿವಿಯನ್ನೇ ನಂಬಲಿಲ್ಲ.

"ಆದ್ರೆ ಅಮ್ಮನ್ನೂ ಕರ್ಕೊಂಡು ಹೋಗ್ಬೇಕು."

"ಅತ್ತೇನಾ? ಯಾಕೆ?"

"ಅಲ್ಲಿ ನೀವು ಸಿಕ್ಕಿಹಾಕ್ಕೊಂಡ್ರೆ, ನಿಮ್ಮನ್ನ ದಾಟ್ಕೊಂಡು ಹೋಗಿ ನನಗೊಂದು ಸುದ್ದಿ ಮುಟ್ಟಿಸೋಕೆ ಒಬ್ಬರಾದ್ರೂ ಬೇಡ್ವಾ?"

ಅಷ್ಟರಲ್ಲಿ ಏದುಸಿರು ಬಿಡುತ್ತಾ ಮೇಲೆ ಬಂದಿದ್ದ ಮೇಷ್ಟ್ರು ಜೇಬಿನಿಂದ ತಂಡದ ಪಟ್ಟಿ ತೆಗೆದು, ನಾಯಕರ ಸ್ಥಾನದಲ್ಲಿದ್ದ ಗೆಳೆಯನ ಹೆಸರು ಹೊಡೆದುಹಾಕಿ, ಅತ್ತೆಯ ಹೆಸರು ಬರೆದರು. ಆಮೇಲೆ ಬಹಳ ಗೌರವದಿಂದ ಕೇಳಿದರು:

"ಅಮ್ಮಾ, ನಿಮ್ಮ ಅಳಿಯನನ್ನ ಯಾವುದರಲ್ಲಿ ಸೇರಿಸ್ಲಿ? ಜನದಲ್ಲೋ, ಸಾಮಾನಲ್ಲೋ?"

ಅತ್ತೆ ಅಳಿಯನ ಕಾಲುಚೀಲದ ಕಡೆ ಒಮ್ಮೆ ನೋಡಿ, "ಸದ್ಯಕ್ಕೆ ಸಾಮಾನಲ್ಲೇ ಇರ್ಲಪ್ಪ" ಎಂದರು.