ನಲವತ್ತೊಂದನೆಯ ಮುಖ

ಲಕ್ಷ್ಮೇಶ್ವರದ ಬಜಾರಿನಲ್ಲಿ ಬ್ಯಾನರ್ ಅಂಗಡಿ ಇಟ್ಟಿದ್ದ ಹುಲಿಗೇಶನ ಕಂಪ್ಯೂಟರು ನಲವತ್ತು ಮುಖಗಳನ್ನು ಮಾತ್ರ ಸಹಿಸುತ್ತಿತ್ತು. ನಲವತ್ತೊಂದನೆಯ ಮುಖ ಬ್ಯಾನರಿನ ಮೇಲೆ ಬಂದು ಕೂತಿತೋ, ಪರದೆ ನಿಂತಲ್ಲೇ ನಿಂತುಬಿಡುತ್ತಿತ್ತು. ಮುಖ ಯಾರದೆಂದು ಅದು ನೋಡುತ್ತಿರಲಿಲ್ಲ. ಅಷ್ಟು ನ್ಯಾಯವಂತರು ಇಡೀ ತಾಲೂಕಿನಲ್ಲಿ ಮತ್ತೊಬ್ಬರಿರಲಿಲ್ಲ ಬಿಡಿ.

ಹುಲಿಗೇಶನಿಗೆ ಮಾತ್ರ ಇದೇ ಚಿಂತೆ. ಅವನ ಅಂಗಡಿ ನಡೆಯುತ್ತಿದ್ದದ್ದೇ ಶಿಗ್ಲಿಯ ಕೊಟ್ರಪ್ಪನಿಂದ. ಕೊಟ್ರಪ್ಪ ಊರಿನ ಸಹಕಾರಿ ಸಂಘದ ಅಧ್ಯಕ್ಷ. ಯುಗಾದಿಗೆ, ದಸರೆಗೆ, ದೀಪಾವಳಿಗೆ, ತನ್ನ ಹುಟ್ಟುಹಬ್ಬಕ್ಕೆ ಅವನದೊಂದು ಬ್ಯಾನರು ಆಗಲೇಬೇಕು. ಮೇಲೆ ಅವನ ದೊಡ್ಡ ಮುಖ, ಕೆಳಗೆ ಶುಭ ಕೋರುವವರ ಸಣ್ಣ ಸಣ್ಣ ಮುಖಗಳು. ಪ್ರತಿಸಲ ನೂರಕ್ಕೂ ಹೆಚ್ಚು ಫೋಟೊ ಬರುತ್ತಿದ್ದವು, ಪ್ರತಿಸಲ ಹುಲಿಗೇಶ ತಲೆ ಕೆರೆದುಕೊಂಡು "ನಲವತ್ತಕ್ಕಿಂತ ಜಾಸ್ತಿ ಹಿಡ್ಯಂಗಿಲ್ರಿ" ಎನ್ನುತ್ತಿದ್ದ. ಗದಗಿನಲ್ಲಿ ಗಾಜಿನ ಬಾಗಿಲಿನ ದೊಡ್ಡ ಅಂಗಡಿಗಳಿದ್ದವು. ಇಂದಲ್ಲ ನಾಳೆ ಕೊಟ್ರಪ್ಪ ಅಲ್ಲಿಗೆ ಹೋದರೆ ತಾನು ಅಂಗಡಿಗೆ ಬೀಗ ಹಾಕಬೇಕಾದೀತೆಂದು ಅವನಿಗೆ ಹೆದರಿಕೆ.

ಅದಕ್ಕೇ, ಕೊಟ್ರಪ್ಪ ಸಂಜೆ ಹುಟ್ಟುಹಬ್ಬದ ಬ್ಯಾನರು ನೋಡಲು ಬರುವವನಿದ್ದ ದಿನ, ಹುಲಿಗೇಶ ಬೆಳಗಿನ ಬಸ್ಸಿಗೇ ಗದಗಿಗೆ ಹೋಗಿ ಅಝೀಮನ ರಿಪೇರಿ ಅಂಗಡಿಯಿಂದ ಯಾರೋ ಬಳಸಿ ಬಿಟ್ಟ ಗ್ರಾಫಿಕ್ಸ್ ಕಾರ್ಡೊಂದನ್ನು ತಂದ. ಪೊಟ್ಟಣ ಬಿಚ್ಚುವಷ್ಟರಲ್ಲಿ ಎದುರಿನ ಬಳೆ ಅಂಗಡಿಯ ಹಾಜಿರಾಬಿ ಹಾಜರು.

"ಏನ್ ತಮ್ಮಾ ಅದು?"

"ಕಾರ್ಡ್ ಚಾಚಿ."

"ಇಷ್ಟು ದಪ್ಪಂದು? ರೇಷನ್ ಕಾರ್ಡೇನು? ನಮ್ಮ ಸೊಸಿ ಹೆಸರು ಇನ್ನಾ ಸೇರಿಲ್ಲ, ಇದರಾಗ ಸೇರಿಸಿಬಿಡು."

"ಇದು ಕಂಪ್ಯೂಟರಿಂದು. ಚಿತ್ರ ಜಲ್ದಿ ಮೂಡಸ್ತೈತಿ."

"ಮತ್ತ ಇದಕ್ಕ ಎರಡು ಫ್ಯಾನ್ ಯಾಕ?"

"ಬಿಸಿ ಆಗ್ತೈತಿ ಚಾಚಿ."

"ಯಾ ಅಲ್ಲಾ! ನನ್ನ ಅಂಗಡ್ಯಾಗ ಒಂದೂ ಇಲ್ಲ, ಕಾರ್ಡಿಗೆ ಎರಡು!"

ಈ ಮಾತು ಕೇಳಿ ಪಕ್ಕದ ಟೇಲರ್ ಮಾಶಾಕ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದ. ಕಂಪ್ಯೂಟರಿನ ಡಬ್ಬಿ ಬಿಚ್ಚಿದರೆ ಕಾರ್ಡು ಒಳಗೆ ಹೋಗಲೊಲ್ಲದು. ಹಾರ್ಡ್ ಡಿಸ್ಕ್ ಕೂತಿದ್ದ ತಗಡಿನ ಗೂಡು ಅಡ್ಡ ಬರುತ್ತಿತ್ತು. ಮಾಶಾಕ ಅಳತೆ ತೆಗೆದ.

"ಎರಡು ಬಟ್ಟು ಉದ್ದ ಆತು. ಪ್ಯಾಂಟ್ ಆಗಿದ್ರ ಮಡಚಿ ಹೊಲೀತಿದ್ದೆ."

ಕೊನೆಗೆ ಆ ಗೂಡನ್ನೇ ಕಿತ್ತು, ಹಾರ್ಡ್ ಡಿಸ್ಕನ್ನು ಲಂಗದ ಇಲಾಸ್ಟಿಕ್ಕಿನಿಂದ ಪಕ್ಕಕ್ಕೆ ಕಟ್ಟಿದರು. ಕಾರ್ಡು ಕೂತಿತು, ಆದರೆ ಭಾರಕ್ಕೆ ಜೋತುಬಿತ್ತು. ಮಾಶಾಕ ಅದರ ಕೆಳಗೆ ದಾರದ ರೀಲೊಂದನ್ನು ನಿಲ್ಲಿಸಿದ. ಹುಲಿಗೇಶ ದೇವರನ್ನು ನೆನೆದು ಗುಂಡಿ ಒತ್ತಿದ. ಫ್ಯಾನುಗಳೆರಡೂ ಗರಗರ ತಿರುಗಿದವು. ಪರದೆ ಮಾತ್ರ ಕಪ್ಪಗೇ ಉಳಿಯಿತು.

"ನಜರ್ ಆಗೇತಿ, ಯಾರದೋ ಕೆಟ್ಟ ಕಣ್ಣು," ಎಂದಳು ಹಾಜಿರಾಬಿ.

"ಧೂಳ ಒರಸಬಾರದಿತ್ತು," ಎಂದ ಮಾಶಾಕ. "ಹಳೇ ಮಶಿನ್ನಿಗೆ ಧೂಳ ಜೀವ."

ಹೋಗುವವರು ಬರುವವರೆಲ್ಲ ಇಣುಕಿ ಒಂದೊಂದು ಸಲಹೆ ಕೊಟ್ಟರು. ಎಲ್ಲವನ್ನೂ ಮಾಡಿ ನೋಡಿದ್ದಾಯಿತು. ನಾಲ್ಕು ಗಂಟೆಯಾಗುವ ಹೊತ್ತಿಗೆ ಹುಲಿಗೇಶನ ಕಣ್ಣಲ್ಲಿ ನೀರೊಂದು ಬರುವುದು ಬಾಕಿ. ಬ್ಯಾನರೂ ಆ ಕಪ್ಪು ಪರದೆಯ ಹಿಂದೆಯೇ ಇತ್ತಲ್ಲ! ನಾಚಿಕೆ ಬಿಟ್ಟು ಅಝೀಮನಿಗೆ ಫೋನು ಹಚ್ಚಿದ.

"ಮಾನಿಟರ್ ವಯರ್ ಎಲ್ಲಿ ಚುಚ್ಚೀರಿ?" ಎಂದು ಅಝೀಮ ಕೇಳಿದ.

"ಮೊದಲ ಎಲ್ಲಿತ್ತೋ ಅಲ್ಲೇ."

"ಹೊಸ ಕಾರ್ಡಿಗೆ ಚುಚ್ರೀ ಮಾರಾಯ್ರ!"

ಚುಚ್ಚಿದ. ಪರದೆ ಬೆಳಗಿತು. ಅಂಗಡಿಯ ಮುಂದೆ ಸೇರಿದ್ದವರೆಲ್ಲ ಒಳಗೇ ನುಗ್ಗಿದರು. ಹುಲಿಗೇಶ ಬ್ಯಾನರು ತೆರೆದು ಒಂದೊಂದೇ ಮುಖ ಸೇರಿಸತೊಡಗಿದ. ಮೂವತ್ತೊಂಬತ್ತು, ನಲವತ್ತು... ಎಲ್ಲರೂ ಉಸಿರು ಬಿಗಿಹಿಡಿದರು. ನಲವತ್ತೊಂದನೆಯ ಮುಖ ಬಂದು ತಣ್ಣಗೆ ಕೂತಿತು. ಐವತ್ತು, ಎಂಬತ್ತು, ಕಡೆಗೆ ನೂರಾ ಹನ್ನೆರಡು! ಹಾಜಿರಾಬಿ ಖುಷಿಗೆ ಚಪ್ಪಾಳೆಯನ್ನೇ ತಟ್ಟಿದಳು. ಹುಲಿಗೇಶನಿಗೆ ನಿಜಕ್ಕೂ ಹೃದಯ ತುಂಬಿ ಬಂತು.

ಅಷ್ಟರಲ್ಲಿ ಕೊಟ್ರಪ್ಪ ಐದಾರು ಅಭಿಮಾನಿಗಳೊಂದಿಗೆ ಬೈಕುಗಳಲ್ಲಿ ಬಂದಿಳಿದ.

"ಬರ್ರಿ ಅಣ್ಣಾರ!" ಎಂದು ಹುಲಿಗೇಶ ಬಜಾರಿಗೆಲ್ಲ ಕೇಳುವಂತೆ ಕೂಗಿದ. "ಇನ್ನ ಯಾರನ್ನೂ ಬಿಡೂ ಹಂಗಿಲ್ಲ. ನೂರಾ ಹನ್ನೆರಡು ಮಂದೀನೂ ಹಿಡಿದಾರ. ಇನ್ನೂರಾದ್ರೂ ಹಿಡೀತಾರ!"

ಅಭಿಮಾನಿಗಳು ಹೋ ಎಂದರು. ತಮ್ಮ ತಮ್ಮ ಮುಖ ಹುಡುಕಿ, ಬೆರಳಿಟ್ಟು ತೋರಿಸಿ, ಫೋನಿನಲ್ಲಿ ಫೋಟೊ ಹೊಡೆದು ಊರಿಗೂ ಕಳಿಸಿದರು. ಕೊಟ್ರಪ್ಪ ಮಾತ್ರ ನಗಲಿಲ್ಲ. ಅವರನ್ನು ಚಹಾ ಕುಡಿಯಲು ಅಟ್ಟಿ, ಹುಲಿಗೇಶನನ್ನು ಮೂಲೆಗೆ ಕರೆದ.

"ತಮ್ಮಾ, ಗದಗಿನ್ಯಾಗ ಅಂಗಡಿ ಇಲ್ಲಂತ ತಿಳದು ನಿನ್ನ ಕಡೆ ಬರ್ತಿದ್ನೇನೋ?"

"ಅಂದ್ರ ಅಣ್ಣಾರ?"

"ನಲವತ್ತು ಮಂದೀನ ನಾ ಆರಿಸ್ತಿದ್ದೆ. ಉಳಿದವರಿಗೆ 'ನಂದೇನಿಲ್ಲಪಾ, ಹುಲಿಗೇಶನ ಕಂಪ್ಯೂಟರ್ ಹಿಡ್ಯಂಗಿಲ್ಲ' ಅಂತಿದ್ದೆ. ಈಗ ನೋಡು, ಪರಶುರಾಮನ ಬಾಜೂಕ ಲಕ್ಷ್ಮಪ್ಪ ನಗಾಕತ್ಯಾನ. ಇಬ್ಬರದೂ ಹೊಲದ ಬದುವಿನ ಕೇಸು ಕೋರ್ಟಿನ್ಯಾಗ ಐತಿ! ಯಾರು ಮ್ಯಾಲಿನ ಸಾಲು, ಯಾರು ಕೆಳಗ? ನನ್ನ ಹುಟ್ಟುಹಬ್ಬ ಠಾಣ್ಯಾಗ ಆಗ್ಬೇಕೇನು?"

"ಕಾರ್ಡ್ ಈಗ ಕಿತ್ತ ಒಗೀತೀನ್ರಿ!"

"ಊರ ಮಂದಿ ಎಲ್ಲಾ ನೋಡಿ ಆತಲ್ಲೋ."

ಕೊಟ್ರಪ್ಪ ಹೊರಗೆ ಹೋಗಿ ಒಬ್ಬನೇ ಬೈಕು ಹತ್ತಿದ. ಹುಲಿಗೇಶ ಹಿಂದೆಯೇ ಓಡಿದ.

"ಎಲ್ಲಿಗೆ ಹೊಂಟ್ರಿ ಅಣ್ಣಾರ?"

"ಮುಂಡರಗಿಗೆ. ಅಲ್ಲೊಬ್ಬಾವ ಅದಾನಂತ, ಅವನ ಕಂಪ್ಯೂಟರ್ ಇಪ್ಪತ್ತಕ್ಕ ನಿಂತಬಿಡ್ತೈತಂತ. ಬಿಡು, ಜಲ್ದಿ ಹೋಗ್ಬೇಕು. ಅಂವಾನೂ ಒಂದು ಕಾರ್ಡ್ ತಂದಾನು ಗಿಂದಾನು!"